ಗಾಳಿ ಕಪಾತು ಮಾಡಿದ ಮರಗಳು

(ಮಡಿಕೇರಿಯಲ್ಲಿ ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸುವವರು, ಕಾಲೇಜು ಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಡಿಯಂಡಮೋಳ್ ಬೆಟ್ಟ ಹತ್ತಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಮುಕ್ಕಾಲು ಪಾಲು ಕೈ ಮೇಲಿವೆ. ಹಾಗಾದರೆ ನನ್ನ ಕೆಲಸ ಸುಲಭ. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಬಿಟ್ಟು ಮೇಲೆ ಹೊರಟರೆ ಮೊದಲು ಸಿಗುವುದು ತೋಟ, ಆಮೇಲೆ ಕತ್ತೆತ್ತಿ ನೋಡಬೇಕಾದಂಥ ಮರಗಳು. ಇನ್ನೂ ಮೇಲೆ ಹೋದಂತೆ ಹುಲ್ಲಿನ ಬಯಲು. ಕೊನೆಯ ಏರಿನಲ್ಲಿ ಮತ್ತೆ ಒಂದು ತುಂಡು ಕಾಡು ಸಿಗುತ್ತದೆ. ಅದನ್ನು ದಾಟಿದರೆ ಹುಲ್ಲು, ಕಲ್ಲು, ಗಾಳಿ, ಅಷ್ಟೇ. ಬಹಳ ಜನ ಆ ಕಾಡನ್ನು ಏದುಸಿರು ಬಿಡುತ್ತಾ ದಾಟಿ, ತುದಿಯಲ್ಲಿ ಫೋಟೋ ತೆಗೆಸಿಕೊಂಡು ಇಳಿದು ಬರುತ್ತಾರೆ. ನಾನು ಇವತ್ತು ಮಾತಾಡುವುದು ಆ ತುಂಡು ಕಾಡಿನ ಬಗ್ಗೆ. ಅದರಲ್ಲೂ ಗಾಳಿಗೆ ಮುಖ ಕೊಟ್ಟು ಅಂಚಿನಲ್ಲಿ ನಿಂತಿರುವ ಗಿಡ್ಡ, ಸೊಟ್ಟ ಮರಗಳ ಬಗ್ಗೆ.

ಅವನ್ನು ನೋಡಿದವರು ಸಾಮಾನ್ಯವಾಗಿ "ಪಾಪ, ಬೆಳೆದೇ ಇಲ್ಲ" ಅನ್ನುತ್ತಾರೆ. ಇಲ್ಲದಿದ್ದರೆ "ಬರೀ ಕುರುಚಲು" ಅನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಅವು ಪೂರ್ತಿ ಬೆಳೆದ ಮರಗಳು. ಹೂ ಬಿಡುತ್ತವೆ, ಕಾಯಿ ಕಟ್ಟುತ್ತವೆ, ಬುಡದಲ್ಲಿ ಮರಿಗಳನ್ನು ಎಬ್ಬಿಸುತ್ತವೆ. ಆ ಜಾಗದಲ್ಲಿ ಮರ ಅಂದರೆ ಅಷ್ಟೇ ಎತ್ತರ. ಅದೇ ನೇರಳೆ ಜಾತಿ ಕೆಳಗಿನ ಕಣಿವೆಯಲ್ಲಿ ಮನೆಗಿಂತ ಎತ್ತರ ಹೋಗುತ್ತದೆ, ಮೇಲೆ ಆಳೆತ್ತರಕ್ಕೇ ನಿಲ್ಲುತ್ತದೆ. ಯಾಕೆ ಅನ್ನುವುದನ್ನು ನೋಡೋಣ.

ಮೊದಲು ಗಾಳಿ. ನಮ್ಮ ಮುಂಗಾರು ಗಾಳಿ ಅರಬ್ಬೀ ಸಮುದ್ರದ ಮೇಲೆ ಸುಮ್ನೆ ಹರಡಿಕೊಂಡು ಬರುವುದಿಲ್ಲ. ಆಫ್ರಿಕಾದ ಸೊಮಾಲಿಯಾ ಕಡೆಯಿಂದ ಒಂದು ರಭಸದ ಹೊಳೆಯೇ ಹರಿದು ಬರುತ್ತದೆ. 1960ರ ದಶಕದಲ್ಲಿ ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿ ಅದನ್ನು ವಿವರವಾಗಿ ಗುರುತಿಸಿದರು. ಹಾಗಾಗಿ ಅದಕ್ಕೆ ಫಿಂಡ್ಲೇಟರ್ ಜೆಟ್ ಅನ್ನುವ ಹೆಸರೂ ಇದೆ. ಈ ಹೊಳೆಯ ನಟ್ಟನಡು, ಅಂದರೆ ಗಾಳಿ ಅತಿ ಜೋರಾಗಿರುವ ಪದರ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ ಇರುತ್ತದೆ. ಈಗ ನಮ್ಮ ಬೆಟ್ಟಗಳ ಎತ್ತರ ನೋಡಿ. ತಡಿಯಂಡಮೋಳ್ 1,748 ಮೀಟರ್. ಪುಷ್ಪಗಿರಿ 1,712. ಬ್ರಹ್ಮಗಿರಿ 1,608. ಗಾಳಿ ಎಲ್ಲಿ ಅತಿ ಜೋರೋ ಅಲ್ಲಿಗೇ ನಮ್ಮ ಬೆಟ್ಟಗಳ ತಲೆ ಮುಟ್ಟಿದೆ. ಸಮುದ್ರದಿಂದ ಇಲ್ಲಿಗೆ ಬರುವವರೆಗೆ ಆ ಗಾಳಿಗೆ ಅಡ್ಡ ಅನ್ನುವುದೇ ಇಲ್ಲ. ಮೊದಲ ಹೊಡೆತ ತಿನ್ನುವುದು ಪಶ್ಚಿಮ ಘಟ್ಟದ ಏಣು. ಆ ಏಣಿನ ಮೇಲೆ ನಿಂತವು ಈ ಮರಗಳು.

ಗಾಳಿಯ ಲೆಕ್ಕದಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಮಡಿಕೇರಿ ಪೇಟೆಯಲ್ಲಿ ಕೊಡೆ ಮಗುಚುವ ಗಾಳಿ ಬಂದ ದಿನ ಮೇಲೆ ಹೇಗಿರಬಹುದು ಅಂತ ಇದರಿಂದಲೇ ಅಂದಾಜು ಮಾಡಬಹುದು. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಅದು ಹಗಲೂ ರಾತ್ರಿ ಬೀಸುತ್ತದೆ, ಮಳೆಯನ್ನು ಅಡ್ಡಡ್ಡ ಹೊತ್ತು ತರುತ್ತದೆ.

ಇಲ್ಲಿ ಬೆಳೆಗಾರರು ಜಾಸ್ತಿ ಇದ್ದೀರಿ, ಆದ್ದರಿಂದ ನಿಮ್ಮ ಮಾತಲ್ಲೇ ಹೇಳುತ್ತೇನೆ. ಗಾಳಿ ಅಲ್ಲಿ ಮಾಡುವುದು ಕಪಾತು. ನೀವು ಕಾಫಿ ಗಿಡದ ತುದಿ ಕತ್ತರಿಸಿದಾಗ ಏನಾಗುತ್ತದೆ? ಮೇಲೆ ಹೋಗಬೇಕಾದ ಗಿಡ ಪಕ್ಕಕ್ಕೆ ಹರಡುತ್ತದೆ, ರೆಕ್ಕೆ, ಅಂದರೆ ಅಡ್ಡ ಕೊಂಬೆ, ಜಾಸ್ತಿ ಬರುತ್ತದೆ, ಬುಡ ದಪ್ಪಗಾಗುತ್ತದೆ. ಬೆಟ್ಟದ ಮೇಲೂ ಅದೇ. ಮಳೆಗಾಲ ಮುಗಿದ ಮೇಲೆ ಮರ ಚಿಗುರುತ್ತದೆ. ಉಳಿದ ಮರಗಳ ಸಾಲಿಗಿಂತ ಮೇಲೆ ಹೋದ ಚಿಗುರು ಮುಂದಿನ ಮುಂಗಾರಿನಲ್ಲಿ ಉಜ್ಜಿ, ಹರಿದು, ಒಣಗಿ ಸಾಯುತ್ತದೆ. ಸಾಲಿನೊಳಗೆ ಉಳಿದ ಚಿಗುರು ಬದುಕುತ್ತದೆ. ಗಾಳಿ ಬರುವ ಕಡೆಯ ಮೊಗ್ಗುಗಳು ಸಾಯುತ್ತವೆ, ಮರೆಯ ಕಡೆಯವು ಉಳಿಯುತ್ತವೆ. ವರ್ಷಾನುಗಟ್ಟಲೆ ಇದೇ ನಡೆದರೆ ಮರ ಪೂರ್ವಕ್ಕೆ ವಾಲಿದ ಹಾಗೆ ಕಾಣುತ್ತದೆ. ಎಷ್ಟೋ ಸಲ ಕಾಂಡ ನೆಟ್ಟಗೇ ಇರುತ್ತದೆ. ಪಶ್ಚಿಮದ ಕೊಂಬೆಗಳು ಇಲ್ಲದೆ ಇರುವುದಕ್ಕೆ ನಮಗೆ ಹಾಗೆ ಕಾಣುವುದು.

ಆದರೆ ತುದಿ ಮುರಿಯುವುದಷ್ಟೇ ಕಾರಣ ಆಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮರವೂ ತಾನಾಗಿ ಗಿಡ್ಡಗಾಗುತ್ತದೆ. ಇದನ್ನು ಮೊದಲು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ತೋಟಗಾರಿಕೆ ತಜ್ಞ ಥಾಮಸ್ ಆಂಡ್ರ್ಯೂ ನೈಟ್ ಒಬ್ಬರು. 1803ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಎಳೆಯ ಸೇಬಿನ ಗಿಡಗಳಲ್ಲಿ ಕೆಲವನ್ನು ಅಲುಗಾಡದಂತೆ ಕಟ್ಟಿದರು. ಇನ್ನು ಕೆಲವನ್ನು ಉತ್ತರ-ದಕ್ಷಿಣಕ್ಕೆ ಮಾತ್ರ ಓಲಾಡುವ ಹಾಗೆ ಕಟ್ಟಿದರು. ಓಲಾಡಿದ ಗಿಡದ ಕಾಂಡ ಆ ದಿಕ್ಕಿಗೇ ದಪ್ಪಗಾಗಿ, ಗುಂಡಗಿರುವ ಬದಲು ಮೊಟ್ಟೆಯಾಕಾರಕ್ಕೆ ಬಂತು. ಕಟ್ಟಿಹಾಕಿದ ಗಿಡಗಳ ಕಾಂಡ ತೆಳ್ಳಗೇ ಉಳಿಯಿತು. ಮುಂದೆ 1973ರಲ್ಲಿ ಅಮೆರಿಕದ ಮಾರ್ಕ್ ಜಾಫೆ ಗಿಡಗಳ ಕಾಂಡವನ್ನು ದಿನಾ ಕೆಲವು ಸೆಕೆಂಡು ಬೆರಳಿನಿಂದ ಸವರಿ ನೋಡಿದರು. ಅಷ್ಟಕ್ಕೇ ಗಿಡಗಳು ಗಿಡ್ಡಗಾದವು, ಕಾಂಡ ದಪ್ಪಗಾಯಿತು. ಗಾಳಿಯ ಅಲುಗಾಟವನ್ನು ಮರ ತನ್ನೊಳಗೆ ಓದಿಕೊಳ್ಳುತ್ತದೆ, ಎತ್ತರಕ್ಕೆ ಹಾಕಬೇಕಾದ ಬಂಡವಾಳವನ್ನು ಬುಡಕ್ಕೆ, ಬೇರಿಗೆ ಹಾಕುತ್ತದೆ. ನರ್ಸರಿ ಮಾಡುವವರು ಇದನ್ನು ಗಮನಿಸಿ. ಸಸಿಯನ್ನು ಕೋಲಿಗೆ ಬಿಗಿಯಾಗಿ ಕಟ್ಟಿ ಬೆಳೆಸಿದರೆ ಬೇಗ ಎತ್ತರ ಹೋಗುತ್ತದೆ, ಹೊರಗೆ ನೆಟ್ಟ ಮೇಲೆ ಮೊದಲ ಗಾಳಿಗೇ ಬಾಗುತ್ತದೆ.

ಇದೇ ಗಾಳಿ, ಇದೇ ಕಪಾತು, ಜೊತೆಗೆ ಹಿಮ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ವಲ್ಪ ಹೊತ್ತು ನಮ್ಮ ಬೆಟ್ಟ ಬಿಟ್ಟು ದೂರ ಹೋಗೋಣ.

ಅಮೆರಿಕದ ಕೊಲರಾಡೊದಲ್ಲಿ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿ ಟ್ರೇಲ್ ರಿಡ್ಜ್ ಎಂಬ ರಸ್ತೆಯಲ್ಲಿ ಕಾರಿನಲ್ಲೇ 3,700 ಮೀಟರ್ ಎತ್ತರ ದಾಟಿ ಹೋಗಬಹುದು. ಸುಮಾರು 3,500 ಮೀಟರ್ ಹತ್ತಿರ ಕಾಡು ನಿಲ್ಲುತ್ತದೆ. ಅದೇ ಮರಗಳ ಗಡಿ. ಅಲ್ಲಿರುವುದು ಸ್ಪ್ರೂಸ್, ಫರ್, ಪೈನ್ ಥರದ ಸೂಜಿ ಎಲೆಯ ಮರಗಳು. ಕೆಳಗೆ ಕಂಬದ ಹಾಗೆ ನೆಟ್ಟಗೆ ನಿಂತವು ಗಡಿಯ ಹತ್ತಿರ ನೆಲಕ್ಕೆ ಹರಡಿದ ಚಾಪೆ ಆಗಿಬಿಡುತ್ತವೆ. ಜರ್ಮನ್ ಭಾಷೆಯಿಂದ ಬಂದ ಕ್ರುಮ್‌ಹೋಲ್ಜ್ ಅನ್ನುವ ಹೆಸರೇ ಈಗ ಎಲ್ಲ ಕಡೆ ಅದಕ್ಕೆ ನಿಂತಿದೆ.

ಅಂಥ ಒಂದು ಮರವನ್ನು ಹತ್ತಿರದಿಂದ ನೋಡಿದರೆ ಮೂರು ಭಾಗ ಕಾಣುತ್ತದೆ. ಬುಡದಲ್ಲಿ ದಟ್ಟ ಹಸಿರು ಪೊದೆ. ಚಳಿಗಾಲದಲ್ಲಿ ಅದು ಹಿಮದಡಿ ಹೂತಿರುತ್ತದೆ, ಅಲ್ಲಿಗೆ ಗಾಳಿ ತಾಗುವುದಿಲ್ಲ. ಅದರ ಮೇಲೆ ಬೋಳು ಕಾಂಡ. ಹಿಮದ ಮಟ್ಟಕ್ಕೆ ಸರಿಯಾಗಿ ಗಾಳಿ ಮಂಜುಗಡ್ಡೆಯ ಹರಳುಗಳನ್ನು ಹೊತ್ತು ಓಡುತ್ತದೆ. ಆ ಹರಳುಗಳು ಎಲೆಯ ಮೇಣವನ್ನು ಕೆರೆದು ತೆಗೆಯುತ್ತವೆ. ಮೇಣ ಹೋದ ಎಲೆಯಿಂದ ನೀರು ಆರುತ್ತದೆ. ನೆಲ ಹೆಪ್ಪುಗಟ್ಟಿರುವುದರಿಂದ ಬೇರಿನಿಂದ ನೀರು ಬರುವುದಿಲ್ಲ. ಎಲೆ ಸಾಯುತ್ತದೆ. ಇನ್ನೂ ಮೇಲಕ್ಕೆ, ಹರಳು ಅಷ್ಟಾಗಿ ತಲುಪದ ಕಡೆ, ಮರೆಯ ಬದಿಗೆ ಮಾತ್ರ ಕೊಂಬೆಗಳು. ದೂರದಿಂದ ಕಂಬಕ್ಕೆ ಕಟ್ಟಿದ ಬಾವುಟ ಅನಿಸುವುದರಿಂದ ಬಾವುಟ ಮರ ಅಂತಲೇ ಕರೆಯುತ್ತಾರೆ.

ನನಗೆ ಅತ್ಯಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಆ ಪೊದೆಯ ಕೆಳಗಿನ ಕೊಂಬೆ ನೆಲಕ್ಕೆ ಒತ್ತಿಕೊಂಡರೆ ಅಲ್ಲೇ ಬೇರು ಬಿಡುತ್ತದೆ. ಗಾಳಿಯ ಕಡೆಯ ಭಾಗ ಸಾಯುತ್ತಾ ಬರುತ್ತದೆ, ಮರೆಯ ಕಡೆಯ ಭಾಗ ಬೇರೂರುತ್ತಾ ಹೋಗುತ್ತದೆ. ಹೀಗೆ ಮರಗಳ ಗುಂಪು ನಿಧಾನಕ್ಕೆ ಗಾಳಿ ಬೀಸಿ ಹೋಗುವ ದಿಕ್ಕಿಗೆ ಸರಿಯುತ್ತದೆ. ಕೊಲರಾಡೊದಲ್ಲಿ ಇದನ್ನು ಅಳೆದಿದ್ದಾರೆ, ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಲೆಕ್ಕ. ನೂರಾರು ವರ್ಷ ಹೀಗೆ ಸಾಗಿದ ಮರಕ್ಕೆ ಹುಟ್ಟಿದ ಜಾಗ ಒಂದು, ಈಗಿರುವ ಜಾಗ ಇನ್ನೊಂದು.

ಸ್ವೀಡನ್ನಿನ ಫುಲುಫ್ಯೆಲೆಟ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಟಿಕ್ಕೊ ಎಂದು ಹೆಸರಾದ ಒಂದು ಸ್ಪ್ರೂಸ್ ಮರ ಇದೆ. ನೋಡಲು ಐದು ಮೀಟರ್ ಎತ್ತರದ ಬಡಕಲು ಮರ. ಅದರ ಬುಡದಲ್ಲಿ ಸಿಕ್ಕ ಹಳೆಯ ಕಟ್ಟಿಗೆಯ ಕಾಲವನ್ನು ಕಾರ್ಬನ್ ವಿಧಾನದಲ್ಲಿ ಅಳೆದಾಗ ಸುಮಾರು 9,550 ವರ್ಷ ಬಂತು. ಈಗ ಕಾಣುವ ಕಾಂಡಕ್ಕೆ ಅಷ್ಟು ವಯಸ್ಸಿಲ್ಲ. ಸಾವಿರಾರು ವರ್ಷ ಅದು ನೆಲಕ್ಕೆ ಅಂಟಿದ ಪೊದೆಯಾಗಿಯೇ ಇತ್ತು, ಕಾಂಡ ಸತ್ತಾಗೆಲ್ಲ ಬುಡದಿಂದ ಮತ್ತೆ ಚಿಗುರಿತು, ಕಳೆದ ಶತಮಾನದಲ್ಲಿ ಚಳಿ ಕಡಿಮೆಯಾದ ಮೇಲೆ ಎದ್ದು ನಿಂತಿತು ಅನ್ನುತ್ತಾರೆ ಅದನ್ನು ಅಧ್ಯಯನ ಮಾಡಿದ ಲೀಫ್ ಕುಲ್‌ಮನ್.

ಎತ್ತರ ನೋಡಿ ಬೆಲೆ ಕಟ್ಟಿದರೆ ಎಂಥ ನಷ್ಟ ಆಗುತ್ತದೆ ಅನ್ನುವುದಕ್ಕೆ ಅಮೆರಿಕದ ನೆವಾಡಾದಲ್ಲಿ ನಡೆದದ್ದೇ ಸಾಕ್ಷಿ. ವೀಲರ್ ಪೀಕ್ ಎಂಬ ಬೆಟ್ಟದ ಮೇಲೆ, ಮರಗಳ ಗಡಿಯಲ್ಲಿ, ಬ್ರಿಸಲ್‌ಕೋನ್ ಪೈನ್ ಎಂಬ ಜಾತಿಯ ತಿರುಚಿದ ಮರಗಳಿವೆ. ಬಹುಪಾಲು ತೊಗಟೆ ಸತ್ತು, ಒಂದು ಪಟ್ಟಿಯಷ್ಟು ತೊಗಟೆಯಲ್ಲಿ ಜೀವ ಹಿಡಿದಿರುತ್ತವೆ. 1964ರಲ್ಲಿ ಅಲ್ಲಿ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬರು, ಸರಿಯಾದ ಅನುಮತಿ ಪಡೆದೇ, ಒಂದು ಮರವನ್ನು ಕಡಿಸಿ ಉಂಗುರ ಎಣಿಸಿದರು. 4,800ಕ್ಕೂ ಹೆಚ್ಚು ಉಂಗುರಗಳಿದ್ದವು. ಆ ಕಾಲಕ್ಕೆ ಲೆಕ್ಕ ಸಿಕ್ಕಿದ್ದ ಮರಗಳಲ್ಲೆಲ್ಲ ಅದೇ ಹಿರಿಯದು. ಆ ಬೆಟ್ಟ ರಾಷ್ಟ್ರೀಯ ಉದ್ಯಾನ ಆದದ್ದು 1986ರಲ್ಲಿ. ಆ ಮರಗಳು ಅಷ್ಟು ಬಾಳುವುದಕ್ಕೆ ಕಾರಣವೂ ಆ ಕಷ್ಟದ ಜಾಗವೇ. ನಿಧಾನವಾಗಿ ಬೆಳೆದ ಕಟ್ಟಿಗೆ ಗಟ್ಟಿ, ಅಂಟು ಜಾಸ್ತಿ. ಹುಳು, ಬೂಸ್ಟು ಹಿಡಿಯುವುದು ಕಷ್ಟ. ಮರಗಳು ದೂರ ದೂರ ಇರುವುದರಿಂದ ಬೆಂಕಿ ಒಂದರಿಂದ ಒಂದಕ್ಕೆ ದಾಟುವುದಿಲ್ಲ.

ಸರಿ, ಊರಿಗೆ ವಾಪಸ್ ಬರೋಣ. ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ರಾಕಿ ಬೆಟ್ಟದಲ್ಲಿ ಮರ ನಿಲ್ಲುವುದಕ್ಕೆ ಮೂಲ ಕಾರಣ ಚಳಿ. ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯನ್ ಕೋರ್ನರ್ ಮತ್ತು ಅವರ ಜೊತೆಗಾರರು ಲೋಕದ ಬೇರೆ ಬೇರೆ ಕಡೆ ಮರಗಳ ಗಡಿಯಲ್ಲಿ ಉಷ್ಣತೆ ಅಳೆದರು. ಬೆಳೆಯುವ ಕಾಲದ ಸರಾಸರಿ ಎಲ್ಲ ಕಡೆ 6ರಿಂದ 7 ಡಿಗ್ರಿಯ ಆಸುಪಾಸಿನಲ್ಲೇ ಬಂತು. ಅದಕ್ಕಿಂತ ತಣ್ಣಗಾದರೆ ಎಲೆ ಸಕ್ಕರೆ ತಯಾರಿಸುತ್ತದೆ, ಆದರೆ ಮರಕ್ಕೆ ಅದನ್ನು ಕಟ್ಟಿಗೆ ಮಾಡಿಕೊಳ್ಳಲು ಆಗುವುದಿಲ್ಲ. ನಮ್ಮ ತಡಿಯಂಡಮೋಳ್ ತುದಿಯಲ್ಲಿ ಅಷ್ಟು ಚಳಿ ಎಲ್ಲಿದೆ? ಆ ಲೆಕ್ಕಕ್ಕೆ ಮರ ನಿಲ್ಲಬೇಕಾದರೆ ಬೆಟ್ಟ ಇನ್ನೂ ಸುಮಾರು 2,000 ಮೀಟರ್ ಎತ್ತರ ಇರಬೇಕಿತ್ತು. ಹಾಗಾಗಿ ಕೊಡಗಿನಲ್ಲಿ ಮರಗಳ ಗಡಿ ಎಳೆಯುವುದು ಚಳಿ ಅಲ್ಲ. ಗಾಳಿ, ಬಂಡೆ ಮೇಲಿನ ತೆಳು ಮಣ್ಣು, ಬೇಸಿಗೆಯ ಬೆಂಕಿ, ಇವು ಸೇರಿ ಎಳೆದ ಗಡಿ ಇದು. ಒಂಟಿ ಬೆಟ್ಟಗಳಲ್ಲಿ, ಸಮುದ್ರಕ್ಕೆ ಹತ್ತಿರದ ಬೆಟ್ಟಗಳಲ್ಲಿ, ಗಿಡ್ಡ ಕಾಡು ಇಷ್ಟು ಕಡಿಮೆ ಎತ್ತರದಲ್ಲೇ ಶುರುವಾಗುವುದು ಬೇರೆ ದೇಶಗಳಲ್ಲೂ ಕಂಡಿದ್ದೇ. ಮೋಡ ಸದಾ ಕವಿದಿರುತ್ತದೆ, ಬಿಸಿಲು ಕಡಿಮೆ, ಮಣ್ಣು ತಿಂಗಳುಗಟ್ಟಲೆ ನೆನೆದು ಬೇರಿಗೆ ಉಸಿರು ಕಟ್ಟುತ್ತದೆ. ಬೆಳೆಯುವ ಆತುರಕ್ಕೆ ಅಲ್ಲಿ ಆಸ್ಪದವೇ ಇಲ್ಲ.

ಸೂಜಿ ಎಲೆಯ ಮರಗಳೂ ನಮ್ಮ ಬೆಟ್ಟದ ತುದಿಯಲ್ಲಿ ಇಲ್ಲ. ಮಡಿಕೇರಿಯ ಉದ್ಯಾನಗಳಲ್ಲಿ, ಮನೆ ಅಂಗಳಗಳಲ್ಲಿ ಕಾಣುವ ಕ್ರಿಸ್‌ಮಸ್ ಮರಗಳೆಲ್ಲ ಹೊರಗಿನಿಂದ ತಂದು ನೆಟ್ಟವು. ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಅದು ಈ ಗುಂಪಿಗೂ ಸೇರುವುದಿಲ್ಲ. ಇಡೀ ದಕ್ಷಿಣ ಭಾರತಕ್ಕೆ ತನ್ನದೇ ಅನ್ನುವ ಕೋನಿಫರ್, ಅಂದರೆ ಸ್ಪ್ರೂಸ್, ಪೈನ್‌ಗಳ ಗುಂಪಿನ ಮರ, ಒಂದೇ ಒಂದು, ನಾಗೇಯಾ ವಲ್ಲಿಚಿಯಾನಾ. ಕೇರಳ, ತಮಿಳುನಾಡಿನ ಘಟ್ಟದ ಮಳೆಕಾಡುಗಳಲ್ಲಿ ಇದೆ. ಅದಕ್ಕೂ ಸೂಜಿ ಎಲೆ ಇಲ್ಲ, ಅಗಲ ಎಲೆ. ಬೇರೆ ಮರಗಳ ನಡುವೆ ನಿಂತರೆ ಗುರುತು ಹಿಡಿಯುವುದೇ ಕಷ್ಟ.

ನಮ್ಮಲ್ಲಿ ಸೂಜಿ ಎಲೆ ಮರದ ಜಾಗದಲ್ಲಿ ನಿಂತಿರುವುದು ಶೋಲಾ, ಅಂದರೆ ಬೆಟ್ಟದ ಹುಲ್ಲಿನ ನಡುವೆ ತುಂಡು ತುಂಡಾಗಿ ನಿಂತ ಕಾಡಿನ ಮರಗಳು. ನೇರಳೆಯ ಬಳಗ, ದಾಲ್ಚಿನ್ನಿಯ ಬಳಗ. ಮುಂದಿನ ಸಲ ಆ ಕಾಡಿನಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ಎಲೆ ಕೀಳಬೇಡಿ, ಕೆಳಗೆ ಬಿದ್ದದ್ದನ್ನೇ ಎತ್ತಿಕೊಳ್ಳಿ. ಚಿಕ್ಕದು, ದಪ್ಪ, ಮಡಚಿದರೆ ಚಟ್ ಅಂತ ಮುರಿಯುತ್ತದೆ. ಮೇಲ್ಮೈ ಮೇಣ ಸವರಿದ ಹಾಗೆ ಹೊಳೆಯುತ್ತದೆ. ಗಾಳಿಗೆ ಹರಿಯದ, ಬೇಸಿಗೆಯಲ್ಲಿ ನೀರು ಬಿಡದ ಎಲೆ ಅದು. ಇನ್ನು ಕಾಂಡ. ತೊಗಟೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಪಾಚಿ. ಪಾಚಿಯ ಮಧ್ಯೆ ಸಣ್ಣ ಜರಿಗಿಡ, ಆರ್ಕಿಡ್, ಕೊಂಬೆಗಳ ಮೇಲೆ ಕಲ್ಲುಹೂವು. ಮಳೆ ಇಲ್ಲದ ದಿನವೂ ಮಂಜು ಬಂದರೆ ಸಾಕು, ಪಾಚಿಯ ತುದಿಯಿಂದ ಹನಿ ತೊಟ್ಟಿಕ್ಕುತ್ತದೆ. ಗಾಳಿ ಹೊತ್ತು ತಂದ ಮಂಜನ್ನು ಎಲೆ, ಪಾಚಿ ಹಿಡಿದು ನೆಲಕ್ಕೆ ಇಳಿಸುತ್ತವೆ. ಬಯಲಲ್ಲಾಗಿದ್ದರೆ ಅದು ಹಾಗೇ ತೇಲಿ ಹೋಗುತ್ತಿತ್ತು.

ಒಳಗೆ ಕೂತಾಗ ಇನ್ನೊಂದು ಗೊತ್ತಾಗುತ್ತದೆ. ಹೊರಗೆ ಟೋಪಿ ನಿಲ್ಲದ ಗಾಳಿ ಇದ್ದರೂ ಒಳಗೆ ಎಲೆ ಅಲುಗುವುದಿಲ್ಲ. ಇದು ಅಂಚಿನ ಮರಗಳ ಕೆಲಸ. ಹುಲ್ಲಿನಿಂದ ಕಾಡಿಗೆ ಹೋಗುವ ಕಡೆ ಮೊದಲು ಮೊಣಕಾಲೆತ್ತರದ ಪೊದೆ, ಆಮೇಲೆ ಎದೆಯೆತ್ತರದ ಗಿಡ, ಆಮೇಲೆ ಆಳೆತ್ತರದ ಮರ, ಹೀಗೆ ಏರುತ್ತಾ ಹೋಗುತ್ತದೆ. ಕಾಡಿನ ಬೆನ್ನು ಒಂದೇ ಇಳಿಜಾರು. ಗಾಳಿ ಆ ಇಳಿಜಾರಿನ ಮೇಲೆ ಹತ್ತಿ ಜಾರಿ ಹೋಗುತ್ತದೆ. ಒಳಗಿನ ಮರಗಳು ಗಾಳಿಯನ್ನೇ ಕಾಣದೆ ಬೆಳೆದವು, ಕಾಂಡ ತೆಳು, ಬೇರು ಆಳ ಇಲ್ಲ. ನಾನು ಇವತ್ತು ಬಂದದ್ದೇ ಈ ಮಾತು ಹೇಳಲಿಕ್ಕೆ. ಅಂಚಿನ ನಾಲ್ಕು ಸೊಟ್ಟ ಮರ ಕಡಿದರೆ ಹೋಗುವುದು ಆ ನಾಲ್ಕು ಮರ ಮಾತ್ರ ಅಲ್ಲ. ಗಾಳಿಗೆ ಬಾಗಿಲು ತೆಗೆದಂತಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಒಳಗಿನ ಎತ್ತರದ ಮರಗಳು ಬುಡಮೇಲಾಗುತ್ತವೆ. ಬಿದ್ದ ಜಾಗಕ್ಕೆ ಬಿಸಿಲು ಇಳಿದು ಹುಲ್ಲು ಬರುತ್ತದೆ. ಹುಲ್ಲಿನ ಹಿಂದೆ ಬೇಸಿಗೆಯ ಬೆಂಕಿ ಬರುತ್ತದೆ. ಮೂರು ತಲೆಮಾರಿನಲ್ಲಿ ಕಟ್ಟಿಕೊಂಡ ಅಂಚು ಮೂರು ವರ್ಷದಲ್ಲಿ ಮುಗಿಯಬಹುದು.

ಕಡಿಯುವವರು ಯಾರು? ದೊಡ್ಡ ಮರಗಳ್ಳರಿಗೆ ಈ ಸೊಟ್ಟ ಕಟ್ಟಿಗೆ ಬೇಡ. ರಾತ್ರಿ ಬೆಟ್ಟದಲ್ಲಿ ಉಳಿಯಲು ಬಂದವರು ಚಳಿ ಕಾಯಿಸಲು, ಅಡುಗೆಗೆ ಅಂತ ಕೈಗೆಟಕುವ ಕೊಂಬೆ ಮುರಿಯುತ್ತಾರೆ. ಕೈಗೆಟಕುವುದು ಅಂಚಿನ ಮರವೇ. ಗಂಗೋತ್ರಿಯ ಮೇಲೆ ಭೋಜ್‌ಬಾಸಾ ಎಂಬ ಜಾಗ ಇದೆ, ಸುಮಾರು 3,800 ಮೀಟರ್ ಎತ್ತರ. ಹಿಂದೆ ಅಲ್ಲಿ ಭೂರ್ಜ ಮರಗಳ ತೋಪಿತ್ತು. ನಮ್ಮ ಪೂರ್ವಿಕರು ಗ್ರಂಥ ಬರೆಯಲು ಬಳಸಿದ ಭೂರ್ಜಪತ್ರ ಇದೇ ಮರದ ತೊಗಟೆ. ವರ್ಷಾನುವರ್ಷ ಯಾತ್ರಿಕರ ಒಲೆಗೆ ಸೌದೆಯಾಗಿ ಆ ತೋಪು ತೆಳುವಾಗಿ ಹೋಯಿತು. ಈಗ ಗೋಮುಖದ ದಾರಿಯಲ್ಲಿ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಹೋಂಸ್ಟೇ ನಡೆಸುವ ಅಣ್ಣ, ಅಕ್ಕಂದಿರಿಗೆ ಕೈಮುಗಿದು ಕೇಳುತ್ತೇನೆ. ನಿಮ್ಮ ಅತಿಥಿಗಳಿಗೆ ಬೆಟ್ಟದಲ್ಲಿ ಬೆಂಕಿ ಹಾಕಬೇಡಿ ಅಂತ ಹೇಳಿ. ನೀವು ಹೇಳಿದರೆ ಕೇಳುತ್ತಾರೆ, ಬೋರ್ಡು ಓದುವವರು ಕಡಿಮೆ.

ಇನ್ನು ಹುಲ್ಲು. ಮಾಂದಲಪಟ್ಟಿ, ಕೋಟೆಬೆಟ್ಟ ನೋಡಿದವರು "ಬೋಳು ಬೆಟ್ಟ, ಗಿಡ ನೆಡೋಣ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಆದರೆ ಆ ಹುಲ್ಲುಗಾವಲು ಯಾರೋ ಕಾಡು ಕಡಿದದ್ದರಿಂದ ಆದದ್ದು ಅಂತ ತಿಳಿಯಬೇಡಿ. ನೀಲಗಿರಿಯ ಜೌಗು ಮಣ್ಣಿನಲ್ಲಿ ಪದರ ಪದರವಾಗಿ ಉಳಿದ ಸಸ್ಯದ ಅಂಶವನ್ನು ಪರೀಕ್ಷಿಸಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ಒಣ ಕಾಲದಲ್ಲೇ ಅಲ್ಲಿ ಹುಲ್ಲು ಹರಡಿಕೊಂಡಿತ್ತು ಅನ್ನುವುದು ಅದರಿಂದ ಗೊತ್ತಾಯಿತು. ಆಮೇಲೆ ಮಳೆ ಜಾಸ್ತಿಯಾದಾಗ ಕಾಡು, ಕಡಿಮೆಯಾದಾಗ ಹುಲ್ಲು, ಹೀಗೆ ಹಿಂದೆ ಮುಂದೆ ಆಗಿದೆ. ಶೋಲಾ ಮತ್ತು ಹುಲ್ಲು ಎರಡೂ ಹಳೆಯವು, ಒಂದರ ಪಕ್ಕ ಒಂದು ಬಾಳುವವು. 2021ರ ಆಗಸ್ಟ್‌ನಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದ ಕಡೆ ಕುರಿಂಜಿ ಅರಳಿದಾಗ ನೀವೆಲ್ಲ ಹೋಗಿ ನೋಡಿದಿರಿ ಅಲ್ವಾ? ಆ ಹೂವಿನ ಜಾಗ ಆ ಹುಲ್ಲಿನ ಇಳಿಜಾರೇ.

ಪಳನಿ, ನೀಲಗಿರಿಯಲ್ಲಿ ಈ ಹುಲ್ಲಿನ ಮೇಲೆ ಪೈನ್, ನೀಲಗಿರಿ ಮರ, ವ್ಯಾಟಲ್ ನೆಟ್ಟರು. ವ್ಯಾಟಲ್ ಬೀಜ ತಾನೇ ಹರಡಿಕೊಂಡಿತು. ಪಳನಿಯಲ್ಲಿ ನಾಲ್ಕು ದಶಕದಲ್ಲಿ ಹುಲ್ಲುಗಾವಲಿನ ಅರ್ಧಕ್ಕಿಂತ ಜಾಸ್ತಿ ಹೋಗಿಬಿಟ್ಟಿದೆ. ಅದನ್ನು ಕಿತ್ತು ಹುಲ್ಲು ವಾಪಸ್ ತರುವುದು ಎಷ್ಟು ಕಷ್ಟ ಅಂತ ಅಲ್ಲಿಯವರನ್ನು ಕೇಳಬೇಕು. ಕೊಡಗಿನ ಬೆಟ್ಟದ ತಲೆಗಳು ಬಹುಪಾಲು ಅದರಿಂದ ಬಚಾವಾಗಿವೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳೂ ಅದರಲ್ಲಿದ್ದವು. ಬ್ರಹ್ಮಗಿರಿಯಿಂದ ಲಕ್ಷ್ಮಣತೀರ್ಥ ಇಳಿಯುತ್ತದೆ, ಪುಷ್ಪಗಿರಿಯ ಸಾಲಿನಿಂದ ಹಾರಂಗಿ. ಮೇಲಿನ ಹುಲ್ಲು, ಪಾಚಿ, ಸೊಟ್ಟ ಮರ ಹಿಡಿದಿಟ್ಟ ನೀರೇ ಫೆಬ್ರವರಿಯಲ್ಲಿ ನಮ್ಮ ತೋಡುಗಳಲ್ಲಿ ಹರಿಯುವುದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಮಾದಾಪುರ ಕಡೆಯ ಹಿರಿಯ ಬೆಳೆಗಾರರೊಬ್ಬರು ಕೇಳಿದರು: "ನಮ್ಮ ತೋಟದ ಮೇಲಂಚಿಗೆ ಪಡುವಣ ಗಾಳಿ ನೇರ ಹೊಡೆಯುತ್ತೆ. ಅಲ್ಲಿ ಕುರುಚಲು ಬಿಟ್ಟರೆ ಏನೂ ಏಳಲ್ಲ. ಅದನ್ನ ತೆಗೆದು ಸಾಲಾಗಿ ಸಿಲ್ವರ್ ಹಾಕಿದ್ರೆ ಹೇಗೆ?"

ಕುರುಚಲು ತೆಗೆಯಬೇಡಿ ಅಣ್ಣ ಅಂದೆ. ಸಿಲ್ವರ್ ಬೇಗ ಏಳುತ್ತದೆ ನಿಜ, ಆದರೆ ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಜೊತೆಗೆ ಬುಡ ಬೋಳು, ಗಾಳಿ ಕೆಳಗಿನಿಂದ ನುಗ್ಗಿ ಕಾಫಿಗೆ ಹೊಡೆಯುತ್ತದೆ. ಗಾಳಿ ತಡೆಗೆ ಗೋಡೆಯ ಥರ ಗಟ್ಟಿ ಸಾಲೂ ಒಳ್ಳೆಯದಲ್ಲ. ಗಾಳಿ ಅದನ್ನು ಹಾರಿ ಹಿಂದೆಯೇ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಸಾಲು ಬೇಕು. ಅಂಥದ್ದು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಮರೆ ಕೊಡುತ್ತದೆ. ಈಗಿರುವ ಕುರುಚಲನ್ನು ಹೊರಗಿನ ಸಾಲಾಗಿ ಹಾಗೇ ಬಿಡಿ. ಅದರ ಮರೆಯಲ್ಲಿ ನೇರಳೆಯಂಥ ನಮ್ಮದೇ ಕಾಡುಮರಗಳನ್ನು ಬೆರೆಸಿ ನೆಡಿ. ಅವು ಅಳ್ಳಾಡಲಿ, ಕೋಲಿಗೆ ಬಿಗಿಯಬೇಡಿ. ಎತ್ತರದ ನೆರಳು ಮರ ಅದಕ್ಕೂ ಹಿಂದೆ ಇರಲಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನ ಕಾಲದಲ್ಲಿ ಅಲ್ಲಿ ಕತ್ತಿ ಹಾಕಲು ಬಿಡ್ತಿರಲಿಲ್ಲ" ಅಂದರು.

ಒಬ್ಬಳು ವಿದ್ಯಾರ್ಥಿನಿ ಕೇಳಿದ್ದು: "ನಮ್ಮ ಬೆಟ್ಟದ ಸೊಟ್ಟ ಮರಗಳಿಗೂ ಉಂಗುರ ಎಣಿಸಿ ವಯಸ್ಸು ಹೇಳಬಹುದಾ ಸರ್?"

ಹೇಳುವುದು ಕಷ್ಟ ಮಗಳೇ. ಹಿಮದ ನಾಡಿನಲ್ಲಿ ಚಳಿಗೆ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ, ಹಾಗಾಗಿ ವರ್ಷಕ್ಕೊಂದು ಗೆರೆ ಸ್ಪಷ್ಟವಾಗಿ ಬೀಳುತ್ತದೆ. ನಮ್ಮ ನಿತ್ಯಹಸಿರು ಮರಗಳಲ್ಲಿ ಬಹುಪಾಲಿಗೆ ಅಂಥ ಗೆರೆ ಇರುವುದಿಲ್ಲ, ಇದ್ದರೂ ವರ್ಷಕ್ಕೆ ಒಂದೇ ಅನ್ನುವ ಖಾತ್ರಿ ಇಲ್ಲ. ಆದರೆ ಎಷ್ಟು ನಿಧಾನ ಬೆಳೆಯುತ್ತವೆ ಅನ್ನುವುದನ್ನು ನೀವೇ ಅಳೆಯಬಹುದು. ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಅಂಚಿನಲ್ಲಿ ಹತ್ತು, ಒಳಗೆ ಹತ್ತು ಮರ ಆರಿಸಿ. ಮುಂಗಾರಿಗೆ ಮೊದಲು ಒಮ್ಮೆ, ಪುತ್ತರಿ ಹಬ್ಬ ಕಳೆದ ಮೇಲೆ ಒಮ್ಮೆ ಸುತ್ತಳತೆ ತೆಗೆಯಿರಿ. ಪ್ರತಿಸಲ ಒಂದೇ ಕಲ್ಲಿನ ಮೇಲೆ ನಿಂತು ಫೋಟೋ ಹೊಡೆಯಿರಿ. ಟೇಪು ಸುತ್ತುವ ಜಾಗಕ್ಕೆ ಸಣ್ಣ ಬಣ್ಣದ ಗುರುತು ಇರಲಿ, ಇಲ್ಲದಿದ್ದರೆ ಮುಂದಿನ ಸಲ ಬೇರೆ ಎತ್ತರದಲ್ಲಿ ಅಳೆದು ಲೆಕ್ಕ ತಪ್ಪುತ್ತದೆ. ಟೇಪಿನ ಕೆಳಗೆ ಪಾಚಿ ಸಿಕ್ಕಿದರೆ ಅದನ್ನು ಕೀಳಬೇಡಿ, ಪಾಚಿ ಇಲ್ಲದ ಜಾಗ ಹುಡುಕಿ ಸುತ್ತಿ.